ಎಡಬದಿಯ ಕೋಣೆ

ಅಕ್ಟೋಬರ್ 14, ಮಂಗಳವಾರ. ಆ ದಿನದ ಪುಟದಲ್ಲಿ ಮೂರೇ ಸಾಲು ಬರೆದಿದ್ದೇನೆ. ಬಾಲ್ಕನಿ ಇರುವ ಕೋಣೆಯನ್ನು ಶನಿವಾರ ಮಧ್ಯಾಹ್ನದವರೆಗೆ ಹಿಡಿದಿಟ್ಟಿದ್ದಾರೆ. ಒಳಗಿನ ಕೋಣೆಗಳು ಬೇಕಾದಷ್ಟಿವೆ. ಬಸ್ಸಿನಲ್ಲಿ ಹೊನ್ನಾವರದವರೆಗೆ ನಿಂತು ಬಂದೆ.

ಮೂರನೆಯ ಸಾಲಿಗೂ ಮೊದಲಿನ ಎರಡಕ್ಕೂ ಸಂಬಂಧವಿದೆ ಎಂದು ಅವತ್ತು ಅನ್ನಿಸಿರಲಿಲ್ಲ. ನಾನು ಭಟ್ಕಳದ ಒಂದು ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಮನೆ ಕುಮಟೆಯ ಹತ್ತಿರ, ಸಮುದ್ರದ ದಂಡೆಯ ಊರಲ್ಲಿ. ಉಪವಾಸದ ರಕ್ತ ಕೊಡುವವರು ಏಳೂವರೆಗೇ ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಹಾಗಾಗಿ ಐದೂವರೆಯ ಬಸ್ಸು ನನ್ನದು. ಹೋಗಲು ಒಂದೂಮುಕ್ಕಾಲು ಗಂಟೆ, ಬರಲು ಅಷ್ಟೇ. ಸೀಟು ಸಿಕ್ಕಿತೋ, ಕಿಟಕಿ ಸಿಕ್ಕಿತೋ, ನಿಂತೆನೋ ಎಂದು ಡೈರಿಯ ಕೊನೆಯ ಪುಟಗಳಲ್ಲಿ ಗೆರೆ ಎಳೆದು ಲೆಕ್ಕ ಇಡುತ್ತೇನೆ. ಆ ವರ್ಷ ಅಲ್ಲಿಯವರೆಗೆ ಕಿಟಕಿ ಸಿಕ್ಕಿದ್ದು ಅರವತ್ತೊಂದು ಸಲ. ಸಿಕ್ಕಿದಾಗಲೂ ಹೊರಗೆ ನೋಡಿದ್ದು ಕಡಿಮೆ. ಗಾಜಿಗೆ ತಲೆ ಆನಿಸಿ ನಿದ್ದೆ ಮಾಡುತ್ತೇನೆ.

ಆ ಬಾಲ್ಕನಿ ಕೋಣೆ ಒಂದು ಹಡಗಿನದು. ಹಡಗಿನ ಮಾತು ಎದ್ದದ್ದು ಅಪ್ಪನ ವರ್ಷದ ದಿನ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮೂವತ್ತು ವರ್ಷ ಸಮುದ್ರಕ್ಕೆ ಹೋದವರು, ಹೋದದ್ದು ಮಾತ್ರ ಮನೆಯ ಜಗಲಿಯಲ್ಲಿ, ಮಧ್ಯಾಹ್ನ ಉಂಡು ಮಲಗಿದ್ದಾಗ. ಬಂದ ನೆಂಟರೆಲ್ಲ ಹೋದ ಮೇಲೆ ಅಮ್ಮ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತ, ನನ್ನ ಕಡೆ ನೋಡದೆಯೇ, "ನಂಗೆ ಒಂದ್ಸಲ ಅಲ್ಲಿಂದ ಈಚೆ ನೋಡ್ಬೇಕಿತ್ತು" ಎಂದಳು. ಎಲ್ಲಿಂದ ಎಂದು ನಾನು ಕೇಳಲಿಲ್ಲ. ಪಾತ್ರೆ ಹಿಡಿದ ಕೈಯನ್ನೇ ಪಡುವಣಕ್ಕೆ ಚಾಚಿದ್ದಳು.

ನಮ್ಮಲ್ಲಿ ಬಲೆ ಇರುವ ದೋಣಿಗೆ ಹೆಂಗಸರು ಕಾಲಿಡುವುದಿಲ್ಲ. ಮಳೆಗಾಲ ಕಳೆದು ದೋಣಿ ಇಳಿಸುವ ದಿನ ಅದರ ಮೂತಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದದ್ದು ಅಮ್ಮನೇ, ಆದರೆ ಮರಳಿನ ಮೇಲೆ ನಿಂತು, ಕೈಯನ್ನಷ್ಟೇ ಮುಂದೆ ಮಾಡಿ. ಹೀಗೆ ದೋಣಿಯವನ ಹೆಂಡತಿಯಾಗಿ ಇಡೀ ಸಂಸಾರ ಮಾಡಿದ ಅವಳು ಶರಾವತಿಯನ್ನು ದಾಟಿದ್ದಾಳೆಯೇ ಹೊರತು ಸಮುದ್ರಕ್ಕೆ ಒಂದು ಗಳಿಗೆಯೂ ಹೋದವಳಲ್ಲ. ಸಂಜೆ ಬುಟ್ಟಿ ಹಿಡಿದು ದಂಡೆಯಲ್ಲಿ ಕಾಯುವುದು, ದೋಣಿ ಬಂದ ಮೇಲೆ ಮೀನು ಎತ್ತಿಕೊಂಡು ಪೇಟೆಗೆ ಓಡುವುದು, ಇಷ್ಟೇ. ಅಪ್ಪ ಉಣ್ಣುವಾಗ ಹೇಳುತ್ತಿದ್ದರು: ಬಲೆ ಬಿಡುವ ಜಾಗದಿಂದ ನಮ್ಮ ಊರು ಹೇಗೆ ಕಾಣುತ್ತದೆ, ಮನೆ ಹಿಂದಿನ ಓರೆ ತೆಂಗಿನಮರ ಎರಡು ಗುಡ್ಡದ ಸಂದಿಗೆ ಬಂದರೆ ಜಾಗ ಸರಿಯಾಯಿತು ಎಂದು ಹೇಗೆ ತಿಳಿಯುತ್ತದೆ. ಕೊನೆಗೆ ಒಂದು ಮಾತು ಯಾವಾಗಲೂ ಇರುತ್ತಿತ್ತು. "ನೀ ದಂಡೆಗೆ ಬಂದು ನಿಂತದ್ದು ಕಂಡೆ. ಹಸಿರು ಸೀರೆ, ಅಲ್ದಾ?" ಅಮ್ಮ ಹೌದು ಎನ್ನುತ್ತಿದ್ದಳು. ನಾನು ಸಣ್ಣವಳಿದ್ದಾಗ ಅಪ್ಪನ ಕಣ್ಣು ಹದ್ದಿನ ಕಣ್ಣು ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಅಪ್ಪ ಹೋದ ಮೇಲೆ ಅಮ್ಮ ಮೀನಿನ ಬುಟ್ಟಿ ಇಟ್ಟು ಗೇರುಬೀಜದ ಕಾರ್ಖಾನೆಗೆ ಸೇರಿದಳು. ದಿನವಿಡೀ ಕೂತು ಸಿಪ್ಪೆ ಸುಲಿಯುವ ಕೆಲಸ. ಮಂಡಿ ಹಿಡಿದುಕೊಂಡಿದೆ, ಬೆರಳಿನ ತುದಿಗಳು ಕಪ್ಪಾಗಿವೆ. ಅವಳು ಮನೆಗೆ ಬರುವುದು ಆರಕ್ಕೆ, ನಾನು ಏಳಕ್ಕೆ. ಇಬ್ಬರೂ ಬಂದವರು ಹತ್ತು ನಿಮಿಷ ಮಾತೇ ಆಡುವುದಿಲ್ಲ. ಬಾವಿಕಟ್ಟೆಯಲ್ಲಿ ಅವಳು ಆಡಿದ್ದನ್ನು ಅವತ್ತೇ ಡೈರಿಯಲ್ಲಿ ಬರೆದಿಟ್ಟಿದ್ದೆ. ಅವಳು ಬೇಕು ಎಂದು ಏನನ್ನಾದರೂ ಹೇಳಿದ್ದು ಆ ವರ್ಷ ಅದೊಂದೇ ಸಲ.

ಮುಂಬೈಯಿಂದ ಕೊಚ್ಚಿಗೆ ಎರಡು ರಾತ್ರಿಯ ಹಡಗಿದೆ ಎಂದು ಹೇಳಿದ್ದು ಭಟ್ಕಳದ ಒಬ್ಬ ಟಿಕೆಟ್ ಏಜೆಂಟರು. ಗಲ್ಫಿಗೆ ಹೋಗುವವರ ವಿಮಾನದ ಟಿಕೆಟ್ ಮಾಡಿಸುವುದು ಅವರ ಮುಖ್ಯ ವ್ಯಾಪಾರ. ಮೂರು ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ನಮ್ಮ ಲ್ಯಾಬಿಗೆ ಬರುತ್ತಾರೆ, ಸೂಜಿ ನೋಡದೆ ಮುಖ ತಿರುಗಿಸಿ ಕೂರುತ್ತಾರೆ, ನನ್ನನ್ನು ಸಿಸ್ಟರ್ ಎನ್ನುತ್ತಾರೆ. ಡಿಸೆಂಬರಿನಲ್ಲಿ ಹಡಗು ಸಂಜೆ ಮುಂಬೈ ಬಿಟ್ಟು ಮರುದಿನವಿಡೀ ದಕ್ಷಿಣಕ್ಕೆ ಸಾಗಿ ಮೂರನೆಯ ದಿನ ಬೆಳಿಗ್ಗೆ ಕೊಚ್ಚಿ ಸೇರುತ್ತದೆ. ಮುಂಬೈಗೆ ರೈಲು, ಕೊಚ್ಚಿಯಿಂದ ಮನೆಗೆ ರೈಲು. ಒಳಗಿನ ಕೋಣೆಗೆ ಕಿಟಕಿ ಇಲ್ಲ. ಅದಕ್ಕೆ ನಾನು ಕೂಡಿಟ್ಟದ್ದು ಸಾಕಾಗುತ್ತಿತ್ತು. ಬಾಲ್ಕನಿ ಕೋಣೆಗೆ ಅದರ ಮೇಲೆ ನನ್ನ ಎರಡು ತಿಂಗಳ ಸಂಬಳ ಬೇಕು.

ಆ ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರ ಕಚೇರಿಗೆ ಹೋಗಿದ್ದೆ. ಕಂಪ್ಯೂಟರಿನಲ್ಲಿ ಹಡಗಿನ ನಕ್ಷೆ ತೆಗೆದು, ಜೇನುಗೂಡಿನ ಹಾಗೆ ಕಾಣುವ ಕೋಣೆಗಳನ್ನು ತೋರಿಸಿದರು. ನನಗೆ ಎಡಬದಿಯದು ಬೇಕು ಎಂದೆ. ಯಾಕೆ ಎಂದರು. ದಕ್ಷಿಣಕ್ಕೆ ಹೋಗುವಾಗ ನೆಲ ಎಡಗಡೆ ಇರುತ್ತದೆ, ಅಮ್ಮನಿಗೆ ನಮ್ಮೂರು ನೋಡಬೇಕಂತೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಸ್ಟರ್, ನಮ್ಮ ಜನ ದುಬೈಗೆ ಹೋಗುವಾಗ ಕಿಟಕಿ ಸೀಟು ಕೇಳ್ತಾರೆ. ವಾಪಸ್ ಬರುವಾಗ ಬಾಗಿಲ ಹತ್ರದ್ದು ಕೇಳ್ತಾರೆ. ಊರು ಯಾರಿಗೂ ಕಿಟಕಿಯಿಂದ ಬೇಡ, ಇಳಿದು ಹೋಗೋಕೆ ಬೇಕು. ನಿಮ್ಮದು ಮೊದಲನೇ ಕೇಸು."

ಹಡಗು ದಂಡೆಯಿಂದ ಎಷ್ಟು ದೂರ ಹೋಗುತ್ತದೆ ಎಂದು ಕೇಳಿದೆ. ಅದು ತನಗೆ ಗೊತ್ತಿಲ್ಲ, ತಾನು ಟಿಕೆಟ್ ಮಾಡುವವನೇ ಹೊರತು ಹಡಗಿನ ಡ್ರೈವರಲ್ಲ ಎಂದರು. ಎಡಬದಿಯಲ್ಲಿ ಒಂದೇ ಕೋಣೆ ಉಳಿದಿತ್ತು. ಶನಿವಾರ ಹನ್ನೆರಡರವರೆಗೆ ಹಿಡಿದಿಡುತ್ತೇನೆ ಎಂದರು.

ಮನೆಗೆ ಬಂದು ಡೈರಿಯ ಕೊನೆಯ ಒಂದು ಖಾಲಿ ಪುಟಕ್ಕೆ ನಡುವೆ ಗೆರೆ ಎಳೆದೆ. ಒಂದು ಕಡೆ, ಹಡಗಿನ ಮೇಲಿನ ಅಟ್ಟ ಎಲ್ಲರಿಗೂ ತೆರೆದಿರುತ್ತದೆ, ಅಲ್ಲಿಂದ ಎರಡೂ ಬದಿ ಕಾಣುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಇನ್ನೊಂದು ಕಡೆ ಅಮ್ಮನ ಮಂಡಿ, ಬಿಸಿಲು, ಜನ, ದೊಡ್ಡ ಸದ್ದಿನ ಹಾಡು. ಅಮ್ಮ ಮದುವೆ ಮನೆಗಳಲ್ಲಿಯೂ ಕೊನೆಯ ಸಾಲಿನಲ್ಲೇ ಕೂರುವವಳು. ನಾಲ್ಕು ಜನ ಫೋಟೊ ತೆಗೆಯಲು ಕಟಾಂಜನದ ಹತ್ತಿರ ನಿಂತರೆ ತಾನು ಹಿಂದೆ ಸರಿದು ಅವರ ಬೆನ್ನು ನೋಡಿಕೊಂಡು ಬರುತ್ತಾಳೆ. ಹಡಗಿನ ವೇಗ ಹುಡುಕಿ ಲೆಕ್ಕ ಹಾಕಿದೆ. ಕುಮಟೆಯ ನೇರಕ್ಕೆ ಬರುವುದು ಎರಡನೆಯ ದಿನದ ಮಧ್ಯಾಹ್ನದ ಆಸುಪಾಸು. ಅಲ್ಲಿಂದ ಹೊನ್ನಾವರ ದಾಟಿ ಭಟ್ಕಳದ ನೇರಕ್ಕೆ ಹೋಗಲು ಹೆಚ್ಚು ಕಡಿಮೆ ಒಂದೂಮುಕ್ಕಾಲು ಗಂಟೆ. ನನ್ನ ಬಸ್ಸಿನಷ್ಟೇ. ಎರಡು ತಿಂಗಳ ಸಂಬಳವನ್ನು ಈ ಒಂದೂಮುಕ್ಕಾಲು ಗಂಟೆಗೆ ಕೊಡಬೇಕು. ಈ ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದದ್ದು ಈಗಲೂ ಕಾಣುತ್ತದೆ.

ಅಮ್ಮನನ್ನು ಕೇಳಿದರೆ ಒಳಗಿನದೇ ಸಾಕು ಎಂದಳು. ಕಣ್ಣು ಮುಚ್ಚಿ ಮಲಗುವುದಕ್ಕೆ ಕಿಟಕಿ ಯಾಕೆ ಎಂದಳು. ಪಕ್ಕದ ಮನೆಯ ಚಿಕ್ಕಮ್ಮ, ಉಪ್ಪು ಕೇಳಲು ಬಂದವರು, ಹಿತ್ತಲಲ್ಲೇ ಇರುವ ಸಮುದ್ರ ನೋಡಲು ಮುಂಬೈಗೆ ಹೋಗಿ ಟಿಕೆಟ್ ತೆಗೆಯುವವರು ನೀವು, ನನಗೆ ಅರ್ಧ ದುಡ್ಡು ಕೊಡಿ, ದಿನಾ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ನಕ್ಕರು. ಅಮ್ಮನೂ ನಕ್ಕಳು. ನನಗೆ ನಗುವಷ್ಟು ತ್ರಾಣವಿರಲಿಲ್ಲ.

ಬುಧವಾರ ಸಂಜೆ ಬರುತ್ತ ಹೊನ್ನಾವರದಲ್ಲಿ ಇಳಿದೆ. ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಈಗ ಅಲ್ಲೇ ಹತ್ತಿರ ಮಾವಿನಕುರ್ವೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅಪ್ಪ ಮತ್ತು ಅವರು ಕೊನೆಯವರೆಗೂ ಒಂದೇ ದೋಣಿಯಲ್ಲಿ ಹೋದವರು. ಈಗ ಅವರು ಸಮುದ್ರಕ್ಕೆ ಹೋಗುವುದಿಲ್ಲ, ಅಂಗಳದಲ್ಲಿ ಕೂತು ಬೇರೆಯವರ ಬಲೆ ಹೆಣೆದು ಕೊಡುತ್ತಾರೆ. ಅಂಥ ಹಡಗುಗಳು ಎಷ್ಟು ಆಳದಲ್ಲಿ ಹೋಗುತ್ತವೆ ಎಂದು ಗೊತ್ತಿರುವವರು ನನಗೆ ಅವರೊಬ್ಬರೇ. ನಾವು ಸಮುದ್ರದ ದೂರವನ್ನು ನೀರಿನ ಆಳದಲ್ಲೇ ಹೇಳುವುದು. ಅಷ್ಟು ಮಾರು ನೀರು ಎಂದರೆ ದಂಡೆಯಿಂದ ಅಷ್ಟು ದೂರ ಎಂದು ಅರ್ಥ.

"ದೊಡ್ಡ ಹಡಗು ಐವತ್ತು ಮಾರಿನ ಒಳಗೆ ಬರೂದಿಲ್ಲ ಮಗಾ," ಎಂದರು. "ಅಲ್ಲಿಂದ ಮರ ಗಿರ ಎಂತದೂ ಇಲ್ಲ. ಚಳಿಗಾಲದ ಬೆಳಿಗ್ಗೆ ಆದ್ರೆ ಗುಡ್ಡದ ಗೆರೆ. ಮಧ್ಯಾಹ್ನ ಆದ್ರೆ ಅದೂ ಇಲ್ಲ."

ಹಾಗಾದರೆ ಅಪ್ಪ ಬಲೆ ಬಿಡುತ್ತಿದ್ದದ್ದು ಎಷ್ಟು ನೀರಿನಲ್ಲಿ ಎಂದು ಕೇಳಿದೆ. ಹನ್ನೆರಡು, ಹದಿನಾಲ್ಕು ಮಾರು ಎಂದರು. ಅಲ್ಲಿಂದ ಏನು ಕಾಣುತ್ತದೆ ಎಂದೆ. ಗುಡ್ಡ ಕಾಣುತ್ತದೆ, ಗುರುತಿನ ಮರ ತಿಳಿದವರಿಗೆ ಕಾಣುತ್ತದೆ, ಉಳಿದ ತೆಂಗಿನಮರಗಳೆಲ್ಲ ಸೇರಿ ಒಂದು ಬಾಚಣಿಗೆ ಎಂದರು. ದಂಡೆಯಲ್ಲಿ ನಿಂತ ಮನುಷ್ಯರು ಕಾಣುತ್ತಾರೆಯೇ ಎಂದು ಕೇಳಿದೆ. ಅವರು ಹೆಣೆಯುವ ಸೂಜಿಯನ್ನು ಬಲೆಯ ಕಣ್ಣಿಗೆ ಸಿಕ್ಕಿಸಿ ಹಾಗೇ ಬಿಟ್ಟರು. ನಾನು ಯಾಕೆ ಕೇಳುತ್ತಿದ್ದೇನೆ ಎಂದು ಅವರಿಗೆ ತಿಳಿಯಿತು.

"ನಿನ್ನಪ್ಪ ಸೀರೆ ಬಣ್ಣ ಹೇಳ್ತಿದ್ದ, ಅದಾ? ಅಲ್ಲಿಂದ ಮನುಷ್ಯರೇ ಕಾಣೂದಿಲ್ಲ, ಸೀರೆ ಎಲ್ಲಿಂದ ಕಾಂಬುದು? ಬೆಳಿಗ್ಗೆ ಹೊರಡುವಾಗ ನೋಡಿದ ಬಣ್ಣ ನೆನಪಿಟ್ಕಂತಿದ್ದ. ದೋಣಿಯಲ್ಲಿ ನಾವೆಲ್ಲ ಅವನಿಗೆ ತಮಾಷೆ ಮಾಡ್ತಿದ್ವು."

ನೀವೇ ಅಮ್ಮನನ್ನು ಯಾರದಾದರೂ ದೋಣಿಯಲ್ಲಿ ಒಂದು ದಿನ ಕರೆದುಕೊಂಡು ಹೋಗಬಹುದಲ್ಲ ಎಂದು ನಾನು ಹೇಳಿದೆ. ದಣಿವಿನಲ್ಲಿ ಬಂದ ಮಾತು ಅದು, ಕೇಳಬಾರದಿತ್ತು. ಬಲೆ ಇರುವ ದೋಣಿಯನ್ನು ಯಾರೂ ಕೊಡುವುದಿಲ್ಲ, ಕೊಟ್ಟರೂ ನಿನ್ನ ಅಮ್ಮ ಹತ್ತುವುದಿಲ್ಲ, ಆಮೇಲೆ ಅವರಿಗೆ ಮೀನು ಬೀಳದಿದ್ದರೆ ಅದು ಅವಳ ತಲೆಗೇ ಬರುತ್ತದೆ ಎಂದರು. ಅದು ನಿಜ. ಹೊರಡುವಾಗ ಒಂದು ಮಾತು ಹೇಳಿದರು. "ಒಳಗಿನ ಕೋಣೆ ತಗೋ. ಮೇಲೆ ಹೋಗಿ ತಿರುಗಾಡಿ ಬನ್ನಿ. ಅವಳನ್ನ ಕೂರಿಸಿ ತೋರ್ಸೂದು ಬೇಡ."

ಬಸ್ಸಿನಲ್ಲಿ ಕಿಟಕಿ ಸಿಕ್ಕಿತು. ಅರವತ್ತೆರಡು. ನಿದ್ದೆ ಬರಲಿಲ್ಲ. ಹಿಂದಿನ ರಾತ್ರಿ ಎಳೆದ ಗೆರೆಯ ಎರಡೂ ಬದಿ ಈಗ ತಪ್ಪಾಗಿತ್ತು. ನಮ್ಮ ದೋಣಿಗಳು ಹೋಗುವ ದಾರಿಯಲ್ಲೇ ಹಡಗೂ ಹೋಗುತ್ತದೆ ಎಂದು ನಾನು ಎಣಿಸಿದ್ದೆ, ದಂಡೆಯಲ್ಲಿ ಹುಟ್ಟಿದವರೇ ಮಾಡುವ ತಪ್ಪು ಅದು. ನಮಗೆ ಸಮುದ್ರ ಎಂದರೆ ಹದಿನಾಲ್ಕು ಮಾರು. ಅದರಾಚೆ ಇರುವುದನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದು. ಬಾಲ್ಕನಿಗೆ ಕೊಡುವ ದುಡ್ಡು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ನಿನ್ನ ಗಂಡನಿಗೆ ನೀನು ಯಾವತ್ತೂ ಕಂಡಿಲ್ಲ ಎಂದು ತೋರಿಸುವುದಕ್ಕೆ ಹೋಗುತ್ತದೆ. ಒಳಗಿನ ಕೋಣೆಯಾದರೆ ಏನೋ ಸ್ವಲ್ಪ ನೋಡಿದಳು, ಜನ ಅಡ್ಡ ಬಂದರು, ಪೂರ್ತಿ ಕಾಣಲಿಲ್ಲ ಎಂದು ಉಳಿಯುತ್ತದೆ. ಆ ಸೀರೆಯ ಬಣ್ಣವೂ ಉಳಿಯುತ್ತದೆ.

ಗುರುವಾರ ಲ್ಯಾಬಿನಲ್ಲಿ ನಲವತ್ತಮೂರು ಜನ. ಡೈರಿಯಲ್ಲಿ ಬೇರೆ ಏನೂ ಇಲ್ಲ.

ಶುಕ್ರವಾರ ರಜೆ ಹಾಕಿಕೊಂಡಿದ್ದೆ. ಅಮ್ಮನಿಗೂ ಕಾರ್ಖಾನೆಗೆ ಬೀಜ ಬಂದಿಲ್ಲ ಎಂದು ಬಿಡುವಿತ್ತು. ಮಧ್ಯಾಹ್ನ ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಒಳಗಿನ ಕೋಣೆಯನ್ನೇ ಮಾಡಿದರೆ ಆಯಿತು ಎಂದೆ. ಬಾಲ್ಕನಿಯದು ದುಬಾರಿ, ಒಂದೂಮುಕ್ಕಾಲು ಗಂಟೆಯ ಮಾತು, ನೀನೂ ಸಾಕು ಅಂದಿದ್ದೆಯಲ್ಲ ಎಂದೆ. ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಎಣ್ಣೆಯ ಬಟ್ಟಲು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಮೊನ್ನೆ ಹೊನ್ನಾವರದಲ್ಲಿ ಇಳಿದಿದ್ಯಲ್ಲ, ಭಾವ ಎಂತ ಹೇಳಿದ್ರು?"

ಅಲ್ಲಿಗೆ ಹೋದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ದೊಡ್ಡಪ್ಪನ ಮಗಳು ಫೋನು ಮಾಡಿದ್ದಳಂತೆ. ಹಡಗು ದೂರ ಹೋಗುತ್ತದಂತೆ, ಅಲ್ಲಿಂದ ಏನೂ ಕಾಣುವುದಿಲ್ಲವಂತೆ ಎಂದೆ. ಅಷ್ಟಕ್ಕೇ ನಿಲ್ಲಿಸಿದೆ.

"ಅಷ್ಟೇ ಅಲ್ಲ ಅವ್ರು ಹೇಳಿದ್ದು," ಎಂದಳು ಅಮ್ಮ. ಕೋಪದಲ್ಲಿ ಹೇಳಲಿಲ್ಲ. "ಮಗಾ, ದಂಡೆಯಲ್ಲಿ ನಿಂತವ್ಳು ನಾನು. ಇಲ್ಲಿಂದ ದೋಣಿಯಲ್ಲಿ ಇದ್ದವ್ರ ತಲೆ ನಂಗೆ ಕಾಣೂದಿಲ್ಲ. ಅಲ್ಲಿಂದ ನನ್ನ ಸೀರೆ ಅವ್ರಿಗೆ ಕಾಣ್ತದಾ? ಅಷ್ಟು ತಿಳಿಯೂದಿಲ್ವಾ ನಂಗೆ?"

ಆಮೇಲೆ ಒಂದು ಸಂಗತಿ ಹೇಳಿದಳು. ನಾನು ಹೊಟ್ಟೆಯಲ್ಲಿದ್ದ ವರ್ಷ. ಒಂದು ದಿನ ಮಧ್ಯಾಹ್ನ ಮೈಮೇಲೆ ಮೀನಿನ ನೀರು ಚೆಲ್ಲಿ, ಮಿಂದು ಸೀರೆ ಬದಲಿಸಿದಳಂತೆ. ಬೆಳಿಗ್ಗೆ ಉಟ್ಟದ್ದು ಹಳದಿ, ಸಂಜೆ ದಂಡೆಗೆ ಹೋದದ್ದು ನೀಲಿಯಲ್ಲಿ. ದೋಣಿ ಬಂದು ಮೀನು ಇಳಿಸುವಾಗ ಕತ್ತಲೆ, ಅಪ್ಪ ಬಲೆ ಬಿಟ್ಟು ಇಳಿಯುವಷ್ಟರಲ್ಲಿ ಅವಳು ಬುಟ್ಟಿ ತುಂಬಿಕೊಂಡು ಹೊರಟಾಗಿತ್ತು. ಪೇಟೆಯಿಂದ ಬಂದವಳೇ ಮತ್ತೆ ಮಿಂದು ಬೇರೆ ಉಟ್ಟು ಅಪ್ಪನಿಗೆ ಬಡಿಸಲು ಕೂತರೆ ಅವರು ಅನ್ನ ಕಲಸುತ್ತ, "ಕಂಡೆ, ಹಳದಿ ಸೀರೆ" ಎಂದರಂತೆ.

"ನೀ ಎಂತ ಹೇಳ್ದೆ?" ಎಂದೆ.

"ಹೌದು ಅಂದೆ. ಮತ್ತೆಂತ ಹೇಳೂದು?"

ಅಲ್ಲಿಗೆ ನನ್ನ ಎರಡು ದಿನದ ಯೋಚನೆಯೆಲ್ಲ ಮುಗಿಯಿತು. ಅವಳು ಇಪ್ಪತ್ತೈದು ವರ್ಷಕ್ಕೂ ಮೊದಲೇ ತಿಳಿದುಕೊಂಡಿದ್ದನ್ನು ಅವಳಿಂದ ಮುಚ್ಚಿಡಲು ನಾನು ಕಿಟಕಿ ಇಲ್ಲದ ಕೋಣೆ ಹುಡುಕುತ್ತಿದ್ದೆ. ಹಾಗಾದರೆ ಅಲ್ಲಿಂದ ನೋಡುವುದಕ್ಕೆ ಏನಿದೆ, ಮನೆಯಲ್ಲೇ ಇದ್ದುಬಿಡೋಣ, ಆ ಮೂರು ದಿನ ಇಬ್ಬರೂ ಮಲಗಿ ನಿದ್ದೆಯನ್ನಾದರೂ ಮಾಡೋಣ ಎಂದೆ. ಮನಸ್ಸಿನಿಂದಲೇ ಹೇಳಿದ್ದೆ. ಅಮ್ಮ ಬಟ್ಟಲು ಮತ್ತೆ ತೆಗೆದುಕೊಂಡು ಇನ್ನೊಂದು ಮಂಡಿಗೆ ಹಚ್ಚತೊಡಗಿದಳು.

"ಕಾಣೂದಿಲ್ಲ ಅಂದ್ರೆ ಎಷ್ಟು ಕಾಣೂದಿಲ್ಲ, ಅದನ್ನ ನೋಡ್ಬೇಕು ನಂಗೆ. ಎಂತದೂ ಕಾಣದ ಜಾಗದಲ್ಲಿ ಕೂತು ಮನೆಗೆ ಬಂದು ಕಂಡೆ ಅಂತಿದ್ರಲ್ಲ." ಸ್ವಲ್ಪ ಬಿಟ್ಟು, "ಆದ್ರೆ ನಾಲ್ಕು ಜನರ ಮಧ್ಯೆ ನಿಂತ್ಕಂಡು ನೋಡೂಕೆ ನನ್ನಿಂದ ಆಗೂದಿಲ್ಲ. ಕೂತು ನೋಡ್ತೆ. ದುಡ್ಡಿದ್ರೆ ಮಾಡು, ಇಲ್ಲದಿದ್ರೆ ಬೇಡ, ಆತು" ಎಂದಳು.

ಹಿಂದಿನ ದಿನಗಳಲ್ಲಿ ಒಳಗಿನದೇ ಸಾಕು ಎಂದದ್ದು ನನ್ನ ಸಂಬಳ ನೋಡಿ. ಅದು ನನಗೆ ಆಗಲೇ ತಿಳಿಯಬೇಕಿತ್ತು. ಶನಿವಾರ ಹನ್ನೊಂದು ಗಂಟೆಗೆ ಲ್ಯಾಬಿನಿಂದ ಹೋಗಿ ದುಡ್ಡು ಕಟ್ಟಿದೆ. ಎಡಬದಿಯದೇ ಅಲ್ವಾ ಎಂದು ಏಜೆಂಟರು ಎರಡು ಸಲ ಕೇಳಿದರು. ನಿಮ್ಮೂರು ಕಂಡರೆ ಫೋಟೊ ತೋರಿಸಬೇಕು ಎಂದರು. ಕಾಣುವುದಿಲ್ಲವಂತೆ ಎಂದೆ. ರಸೀದಿ ಬರೆಯುತ್ತಿದ್ದ ಅವರ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಬರೆದರು.

ಡಿಸೆಂಬರಿನಲ್ಲಿ ಹೋದೆವು. ಹಡಗಿನ ಬಗ್ಗೆ ಬರೆಯಲು ಹೆಚ್ಚಿಲ್ಲ. ಮುಂಬೈಯವರೆಗಿನ ರೈಲಿನ ದಣಿವೇ ಇಳಿದಿರಲಿಲ್ಲ. ಉದ್ದನೆಯ ಓಣಿಗಳು, ಒಂದೇ ಥರದ ಬಾಗಿಲುಗಳು. ಅಮ್ಮನಿಗೆ ಕೋಣೆಯ ನಂಬರು ನೆನಪಿರದೆ ಬಾಗಿಲ ಹಿಡಿಗೆ ಕರವಸ್ತ್ರ ಕಟ್ಟಿದಳು. ಬಾಲ್ಕನಿ ಎಂದರೆ ಎರಡು ಕುರ್ಚಿ ಹಿಡಿಸುವಷ್ಟು ಜಾಗ, ಎದುರಿಗೆ ಗಾಜಿನ ತಡೆ. ಎರಡನೆಯ ದಿನ ಹತ್ತು ಗಂಟೆಗೇ ಅವಳು ಹೋಗಿ ಕೂತಳು. ಊರಿಂದ ತಂದ ಹಳದಿ ಸೀರೆ ಉಟ್ಟಿದ್ದಳು.

ಫೋನಿನ ನಕ್ಷೆಯಲ್ಲಿ ನಾವಿರುವ ನೀಲಿ ಚುಕ್ಕೆ ನಿಧಾನವಾಗಿ ಕೆಳಗೆ ಬರುತ್ತಿತ್ತು. ದಂಡೆ ಅದರಿಂದ ಬಹಳ ದೂರ. ಚುಕ್ಕೆ ನಮ್ಮ ಊರಿನ ನೇರಕ್ಕೆ ಬಂದಾಗ ಹನ್ನೆರಡು ಗಂಟೆ ಹತ್ತು ನಿಮಿಷ. "ಈಗ ಮನೆ ಎದುರು," ಎಂದೆ. ಅಮ್ಮ ಮುಂದೆ ಬಾಗಿ ಗಾಜಿನ ಮೇಲೆ ಕೈಯಿಟ್ಟಳು. ನೀರು, ಅದರಾಚೆ ನೀರಿನದೇ ಬಣ್ಣದ ಮಬ್ಬು. ಗುಡ್ಡದ ಗೆರೆಯೂ ಇಲ್ಲ. ಸಂಜೆ ದಂಡೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದ್ದಳೋ ಅಷ್ಟು ಹೊತ್ತು ನೋಡಿದಳು. ಕೊನೆಗೆ, ನನಗಲ್ಲದೆ ಬೇರೆ ಯಾರಿಗೋ ಹೇಳಿದಂತೆ, "ಕಂಡೆ" ಎಂದಳು. ಸಣ್ಣಗೆ ನಕ್ಕಳು. ಕುರ್ಚಿಗೆ ಒರಗಿ, ಚಪ್ಪಲಿ ಬಿಟ್ಟು ಕಾಲನ್ನು ನನ್ನ ಕುರ್ಚಿಯ ಮೇಲಿಟ್ಟಳು. ನಾನು ಎದ್ದು ಹೊಸ್ತಿಲ ಮೇಲೆ ಕೂತೆ.

ಐದು ನಿಮಿಷದಲ್ಲಿ ನಿದ್ದೆ ಹೋದಳು. ಗಾಳಿಗೆ ಸೆರಗು ಹಾರಿ ಮುಖದ ಮೇಲೆ ಬಂದರೂ ಎಚ್ಚರವಾಗಲಿಲ್ಲ. ಅವಳು ಹಗಲಲ್ಲಿ ಹಾಗೆ ಮಲಗಿದ್ದನ್ನು ನಾನು ನೋಡಿದ್ದು ನೆನಪಿಲ್ಲ. ಎಬ್ಬಿಸಬೇಕು, ದುಡ್ಡು ಕೊಟ್ಟಿದ್ದು ಈ ಒಂದೂಮುಕ್ಕಾಲು ಗಂಟೆಗೆ ಎಂದು ಒಮ್ಮೆ ಅನ್ನಿಸಿತು. ಎಬ್ಬಿಸಲಿಲ್ಲ. ಚುಕ್ಕೆಯನ್ನು ನೋಡುತ್ತ ನಾನೊಬ್ಬಳೇ ನನ್ನ ಬಸ್ಸಿನ ದಾರಿಯನ್ನು ಇನ್ನೊಂದು ಕಡೆಯಿಂದ ದಾಟಿದೆ. ಆ ದಿನದ ಪುಟದಲ್ಲಿರುವುದು ಇಷ್ಟು: ಕುಮಟಾ 12-10, ನೋಡಿದಳು. ಹೊನ್ನಾವರ 12-50, ನಿದ್ದೆ. ಭಟ್ಕಳ 1-55, ನಿದ್ದೆ.